ಸೌದೆ ಬೆಂಕಿಯ ಮೇಲೆ ಫಿನ್ಲೆಂಡಿನ ಲೆಟ್ಟು ಹೊಯ್ಯುವುದು ಹೇಗೆ?

ಜೂನ್ ತಿಂಗಳ ಕೊನೆಯ ವಾರಗಳಲ್ಲಿ ಫಿನ್ಲೆಂಡಿನ ಸರೋವರಗಳ ದಂಡೆಯಲ್ಲಿ ರಾತ್ರಿಯಾದರೂ ಕತ್ತಲಾಗುವುದಿಲ್ಲ. ಸೌನಾದ ಬಿಸಿಯಲ್ಲಿ ಬೆವರಿ ಬಂದ ದೊಡ್ಡವರೂ, ನೀರಿನಲ್ಲಿ ಮುಳುಗಿ ಎದ್ದು ಹಸಿದ ಮಕ್ಕಳೂ ಬೇಸಿಗೆ ಮನೆಯ ಅಂಗಳದಲ್ಲಿ ತಟ್ಟೆ ಹಿಡಿದು ಕಾಯುವ ತಿಂಡಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮೂರಿನ್‌ಪೊಹ್ಯಾಲೆಟ್ಟು. ಲೆಟ್ಟು ಎಂದರೆ ಹಾಲು, ಮೊಟ್ಟೆ, ಹಿಟ್ಟು ಸೇರಿಸಿ ಮಾಡುವ ತೆಳುವಾದ ದೋಸೆ. ನಮ್ಮ ಬಚ್ಚಲುಮನೆಯ ಹಂಡೆಯ ಹಾಗೆ ಇಲ್ಲಿಯೂ ಒಲೆಯ ಕಟ್ಟೆಯೊಳಗೆ ಕೂರಿಸಿದ ದೊಡ್ಡ ಹಂಡೆ ಇರುತ್ತಿತ್ತು. ಅದರ ತಳವೇ ಕಾವಲಿಯಾಗಿ ಈ ತಿಂಡಿಗೆ ಹೆಸರು ಕೊಟ್ಟಿತು ಎನ್ನುತ್ತಾರೆ. ಈಗ ಇದಕ್ಕೆಂದೇ ಮೂರು ಕಾಲಿನ, ಅರ್ಧ ಮೀಟರಿನಷ್ಟು ಅಗಲದ ಕಬ್ಬಿಣದ ಕಾವಲಿ ಸಿಗುತ್ತದೆ.

ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿದ ನಮ್ಮವರು ಉತ್ಸಾಹದಿಂದ ಈ ಕಾವಲಿ ಕೊಂಡು, ಮೊದಲ ಬೇಸಿಗೆಯಲ್ಲಿಯೇ ಬೇಸರಪಟ್ಟು ಮೂಲೆಗಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅವರ ತಪ್ಪು ಹಿಟ್ಟಿನಲ್ಲಿ ಇರುವುದಿಲ್ಲ, ಬೆಂಕಿಯಲ್ಲಿ ಮತ್ತು ಸೌಟು ಹಿಡಿದ ಕೈಯಲ್ಲಿ ಇರುತ್ತದೆ.

ಹಿಟ್ಟು ಸುಲಭ. ಹತ್ತು ಲೆಟ್ಟುಗಳಿಗೆ 3 ಮೊಟ್ಟೆ, ಅರ್ಧ ಲೀಟರ್ ಹಾಲು, ಅರ್ಧ ಲೀಟರ್ ನೀರು, 3 ಡೆಸಿಲೀಟರ್ ಮೈದಾ, 2 ಡೆಸಿಲೀಟರ್ ಬಾರ್ಲಿ ಹಿಟ್ಟು, ಒಂದು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ ಮತ್ತು ಕರಗಿಸಿದ 50 ಗ್ರಾಂ ಬೆಣ್ಣೆ ಸಾಕು. (ಒಂದು ಡೆಸಿಲೀಟರ್ ಎಂದರೆ 100 ಮಿಲಿಲೀಟರ್.) ಬಾರ್ಲಿ ಹಿಟ್ಟನ್ನು ಬಿಡಬಾರದು, ಏಕೆಂದರೆ ಅಂಚು ಗರಿಗರಿಯಾಗುವುದೂ ಬಾಯಲ್ಲಿ ಧಾನ್ಯದ ಘಮ ಉಳಿಯುವುದೂ ಅದರಿಂದಲೇ. ಕಲಸಿದ ಹಿಟ್ಟನ್ನು ಒಂದು ಗಂಟೆ ಹಾಗೆಯೇ ಬಿಡಿ. ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಸಿಗುವ ಸಿದ್ಧ ಲೆಟ್ಟುಗಳನ್ನು ಬಿಸಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಇಲ್ಲಿ ಹೇಳುವ ಗರಿಗರಿ ಅಂಚು ಅವುಗಳಿಗೆ ಬರುವುದಿಲ್ಲ.

ಬೆಂಕಿ ಹಚ್ಚುವ ಮೊದಲು ಅಂದಿನ ಹವಾಮಾನ ವರದಿಯನ್ನು ನೋಡುವುದು ಕಡ್ಡಾಯ. ಕಾಡ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿರುವಾಗ ಬಯಲಿನಲ್ಲಿ ಬೆಂಕಿ ಹಾಕುವುದು ಕಾನೂನಿಗೆ ವಿರುದ್ಧ. ಫಿನ್ಲೆಂಡಿನ ಕಾಡುಗಳಲ್ಲಿ ಯಾರು ಬೇಕಾದರೂ ನಡೆದಾಡಬಹುದು, ಹಣ್ಣು ಕೀಳಬಹುದು. ಆದರೆ ಬೇರೆಯವರ ನೆಲದಲ್ಲಿ ಬೆಂಕಿ ಹಾಕಲು ಒಡೆಯರ ಒಪ್ಪಿಗೆ ಬೇಕೇ ಬೇಕು. ಎಚ್ಚರಿಕೆ ಇರುವ ದಿನಗಳಲ್ಲಿ ಗ್ಯಾಸ್ ಒಲೆಯ ಮೇಲೆ ಮಾಡಿ, ರುಚಿಯಲ್ಲಿ ಹೊಗೆಯ ಘಮವೊಂದು ಮಾತ್ರ ಕಡಿಮೆಯಾಗುತ್ತದೆ. ಯಾವ ದಿನವಾದರೂ ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ.

ಸೌದೆ ಒಣಗಿದ ಭೂರ್ಜ (ಬರ್ಚ್) ಮರದ್ದೇ ಆಗಿರಬೇಕು. ಅದರ ತೊಗಟೆಯ ಒಂದು ಚೂರು ಸಾಕು, ಬೆಂಕಿ ತಾನಾಗಿ ಹತ್ತುತ್ತದೆ. ಬಾಟಲಿಯಲ್ಲಿ ಮಾರುವ, ಬೆಂಕಿ ಹೊತ್ತಿಸುವ ದ್ರವವನ್ನು ಸುರಿದರೆ ಮೊದಲ ನಾಲ್ಕು ಲೆಟ್ಟುಗಳು ಸೀಮೆಎಣ್ಣೆಯಂತೆ ನಾರುತ್ತವೆ. ಸೌದೆಯನ್ನು ಹೆಬ್ಬೆರಳಿನ ದಪ್ಪಕ್ಕೆ ಸೀಳಿಕೊಳ್ಳಿ. ದಪ್ಪ ಸೌದೆಯನ್ನು ನಡುವೆ ಒಟ್ಟಿದರೆ ಕಾವಲಿಯ ಮಧ್ಯಭಾಗ ಕೆಂಪಾಗುವಷ್ಟು ಕಾಯುತ್ತದೆ, ಅಂಚು ತಣ್ಣಗೇ ಉಳಿಯುತ್ತದೆ, ಮತ್ತು ಲೆಟ್ಟು ನಡುವೆ ಸೀದು ಅಂಚಿನಲ್ಲಿ ಹಸಿಯಾಗಿರುತ್ತದೆ. ಆದ್ದರಿಂದ ಉರಿ ತಗ್ಗಿ ಕೆಂಡ ಕಟ್ಟಿದ ಮೇಲೆ ಅದನ್ನು ಕೋಲಿನಿಂದ ಬಳೆಯಾಕಾರಕ್ಕೆ ಹೊರಕ್ಕೆ ಸರಿಸಿ, ಸೀಳಿದ ಸೌದೆಯನ್ನು ಆ ಬಳೆಯ ಮೇಲೆಯೇ ಒಂದೆರಡರಂತೆ ಕೊಡುತ್ತಿರಿ.

ಕಾವಲಿ ಮಟ್ಟವಾಗಿದೆಯೇ ಎಂದು ತಿಳಿಯಲು, ಅದು ತಣ್ಣಗಿರುವಾಗಲೇ ಸ್ವಲ್ಪ ನೀರು ಹಾಕಿ ನೋಡಿ. ನೀರು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಹರಿದರೆ ಆ ಕಡೆಯ ಕಾಲಿನ ಕೆಳಗೆ ಚಪ್ಪಟೆ ಕಲ್ಲನ್ನು ಇಡಿ. ಈ ಒಂದು ನಿಮಿಷದ ಕೆಲಸವನ್ನು ಬಿಟ್ಟವರು ಸಂಜೆಯಿಡೀ ಒಂದು ಕಡೆ ದಪ್ಪ, ಒಂದು ಕಡೆ ಹರಿದ ಲೆಟ್ಟುಗಳನ್ನು ತಿನ್ನುತ್ತಾರೆ. ಕಾದ ಮೇಲೆ ನಡುವೆ ಒಂದು ತೊಟ್ಟು, ಅಂಚಿನ ಹತ್ತಿರ ಒಂದು ತೊಟ್ಟು ಹಿಟ್ಟು ಬಿಡಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಕಂದಾಗಬೇಕು. ನಡುವಿನದು ಮೊದಲು ಕಪ್ಪಾದರೆ ಕೆಂಡವನ್ನು ಇನ್ನಷ್ಟು ಹೊರಕ್ಕೆ ತಳ್ಳಿ.

ಈಗ ಹೊಯ್ಯುವ ಮಾತು. ಉದ್ದಿನ ದೋಸೆ ಹೊಯ್ದು ಪಳಗಿದ ಕೈ ಇಲ್ಲಿ ಎಡವುತ್ತದೆ. ಹಿಟ್ಟನ್ನು ನಡುವೆ ಸುರಿದು ಸೌಟಿನ ಬೆನ್ನಿನಿಂದ ಸುತ್ತಿಸಿದರೆ, ಇಷ್ಟು ನೀರಾದ ಹಿಟ್ಟು ಅಷ್ಟರಲ್ಲಿ ಬಿಗಿದುಕೊಂಡು ಸೌಟಿಗೆ ಅಂಟಿ ಚಿಂದಿಯಾಗುತ್ತದೆ. ಇದನ್ನು ರವೆ ದೋಸೆಯ ಹಾಗೆ ಹೊಯ್ಯಬೇಕು. ಬೆಣ್ಣೆಗೆ ಸ್ವಲ್ಪ ಎಣ್ಣೆ ಬೆರೆಸಿ ಕಾವಲಿಗೆ ಸವರಿ, ಬಾರ್ಲಿ ತಳಕ್ಕೆ ಇಳಿದಿರುವುದರಿಂದ ಹಿಟ್ಟನ್ನು ಪ್ರತಿ ಬಾರಿಯೂ ಅಡಿಯಿಂದ ಕದಡಿ, ಒಂದೂವರೆ ಡೆಸಿಲೀಟರ್ ಹಿಡಿಯುವ ಸೌಟಿನಿಂದ ಅಂಚಿನುದ್ದಕ್ಕೆ ಒಂದು ಸುತ್ತು ಬಿಟ್ಟು, ಅಲ್ಲಿಂದ ನಡುವಿನ ಕಡೆಗೆ ಸುರುಳಿಯಾಗಿ ಬನ್ನಿ. ಕಾವಲಿ ನಡುವೆ ತುಸು ತಗ್ಗಾಗಿರುವುದರಿಂದ ಹಿಟ್ಟು ತಾನೇ ಇಳಿದು ಸೇರಿಕೊಳ್ಳುತ್ತದೆ. ಅಂಚು ಕಸೂತಿಯಂತೆ ತೂತುತೂತಾಗಿ ಗರಿಗಟ್ಟುತ್ತದೆ, ನಡು ಮೆತ್ತಗಿರುತ್ತದೆ. ಅಲ್ಲಲ್ಲಿ ತೂತು ಉಳಿದರೆ ಹಿಟ್ಟಿನಿಂದ ಮುಚ್ಚಲು ಹೋಗಬೇಡಿ, ಆ ತೇಪೆ ಬೇಯುವುದಿಲ್ಲ.

ಮಗುಚಲು ಆತುರ ಬೇಡ. ಮೇಲ್ಮೈಯ ಹಸಿ ಹೊಳಪು ಪೂರ್ತಿ ಮಾಸಿ, ಅಂಚು ತಾನಾಗಿ ಮೇಲೆದ್ದ ಮೇಲೆ ಅಗಲವಾದ ಸಟ್ಟುಗವನ್ನು ಅಂಚಿನ ಸುತ್ತ ಆಡಿಸಿ, ಲೆಟ್ಟುವಿನ ಅಡಿಗೆ ನಡುವಿನವರೆಗೂ ತೂರಿಸಿ ಒಂದೇ ಏಟಿಗೆ ತಿರುಗಿಸಿ. ಎರಡನೆಯ ಬದಿಗೆ ಅರ್ಧ ನಿಮಿಷ ಸಾಕು. ಮೊದಲ ಲೆಟ್ಟು ಅಂಟಿಕೊಂಡರೆ ಕಾವಲಿ ಇನ್ನೂ ಕಾದಿಲ್ಲ ಎಂದು ತಿಳಿಯಿರಿ, ಹಿಟ್ಟಿಗೆ ಮೈದಾ ಸುರಿಯಬೇಡಿ. ಅಂಟದ ಲೇಪನವಿರುವ ಹಗುರ ಕಾವಲಿಗಳನ್ನಂತೂ ಸೌದೆ ಬೆಂಕಿಗೆ ಇಡಲೇಬಾರದು, ಆ ಲೇಪನ ಅಷ್ಟು ಕಾವನ್ನು ತಾಳುವುದಿಲ್ಲ.

ಮೇಲೆ ಹಾಕಿಕೊಳ್ಳಲು ಸಂತೆಯಲ್ಲಿ ಲೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಆ ಬೇಸಿಗೆಯ ಸ್ಟ್ರಾಬೆರಿಯೇ ಸರಿ. ಅರ್ಧ ಗಂಟೆ ಮೊದಲು ಸ್ವಲ್ಪ ಸಕ್ಕರೆಯೊಂದಿಗೆ ಕಿವುಚಿಟ್ಟರೆ ರಸ ಬಿಡುತ್ತದೆ. ಜುಲೈ ನಡುವಿನಿಂದ ಕಾಡಿನಲ್ಲಿ ಕೈಯಾರೆ ಕಿತ್ತ, ಒಳಗೂ ನೇರಳೆ ಬಣ್ಣವಿರುವ ಬಿಲ್‌ಬೆರಿಯನ್ನೂ ಬಳಸಬಹುದು. ತೋಟದಲ್ಲಿ ಬೆಳೆದ, ಒಳಗೆ ಬಿಳಿಯಾಗಿರುವ ಬ್ಲೂಬೆರಿಗೆ ಆ ಹುಳಿ ಇಲ್ಲ. ಲೆಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿಟ್ಟರೆ ಅಂಚು ಹಬೆಯಲ್ಲಿ ಮೆತ್ತಗಾಗುತ್ತದೆ, ಆದ್ದರಿಂದ ಬೆಂದದ್ದು ಬೆಂದಂತೆ ಸರದಿಯ ಪ್ರಕಾರ ತಟ್ಟೆಗೆ ಹೋಗಲಿ, ಮಕ್ಕಳಿಗೆ ಮೊದಲು. ಕೊನೆಯ ಲೆಟ್ಟು ಇಳಿದ ಮೇಲೆ ಕಾವಲಿಯನ್ನು ಸೋಪು ಹಾಕದೆ ಬಿಸಿನೀರಿನಲ್ಲಿ ಉಜ್ಜಿ, ಉಳಿದ ಕೆಂಡದ ಮೇಲೆಯೇ ಒಣಗಿಸಿ, ಎಣ್ಣೆ ಸವರಿ ಒಳಗಿಡಿ.