ಲಾನ್ಸರೋಟೆಯಲ್ಲಿ ಜನವರಿ: ಪ್ಯಾಕೇಜ್ ಬಿಟ್ಟು ಅಡುಗೆಮನೆ ಹಿಡಿದ ಕಥೆ

ಈ ಜನವರಿಯಲ್ಲಿ ನಾವಿಬ್ಬರೂ ಸ್ಪೇನಿನ ಕೆನರಿ ದ್ವೀಪಗಳಲ್ಲೊಂದಾದ ಲಾನ್ಸರೋಟೆಗೆ ಹೋಗಿಬಂದೆವು. ವಿಮಾನ, ಮನೆ, ಕಾರು, ಊಟ ಎಲ್ಲ ಸೇರಿ ಸಾವಿರದ ಮುನ್ನೂರು ಯೂರೋ ಆಸುಪಾಸು. ರೂಪಾಯಿಯಲ್ಲಿ ಒಂದೂಕಾಲು ಲಕ್ಷ ಅಂದುಕೊಳ್ಳಿ. ಒಂದು ವಾರಕ್ಕಿಂತ ಜಾಸ್ತಿಯೇ ಇದ್ದೆವು. ಅದೇ ಹೊತ್ತಿಗೆ ಬರೀ ಒಂದು ವಾರದ ಹೋಟೆಲ್ ಪ್ಯಾಕೇಜಿಗೆ ಇಬ್ಬರಿಗೆ ಎರಡು ಸಾವಿರದ ಹತ್ತಿರ ಹೇಳುತ್ತಿದ್ದರು. ಹ್ಯಾಂಬರ್ಗ್‌ನ ನಮ್ಮ ಕನ್ನಡ ಗೆಳೆಯರಲ್ಲಿ ಒಬ್ಬರೂ ಈ ಲೆಕ್ಕ ನಂಬಲಿಲ್ಲ. "ಅಡುಗೆ ಮಾಡ್ಕೊಂಡು ರಜೆ ಕಳೆಯೋದು ರಜೆನಾ?" ಅಂತ ನಕ್ಕವರೇ ಜಾಸ್ತಿ. ನಮ್ಮತ್ತೆಯಂತೂ ಫೋನಿನಲ್ಲಿ "ಅಷ್ಟು ದುಡ್ಡಿದ್ದರೆ ಚಿತ್ರದುರ್ಗಕ್ಕೆ ಬರಬಹುದಿತ್ತಲ್ಲಮ್ಮ" ಅಂದರು. ಕ್ರಿಸ್‌ಮಸ್ ಸಮಯದಲ್ಲಿ ಬೆಂಗಳೂರಿನ ಟಿಕೆಟ್ ದರ ಎಷ್ಟಿರುತ್ತದೆ ಅಂತ ಅವರಿಗೆ ಹೇಳುವ ಧೈರ್ಯ ನನಗೂ ಇಲ್ಲ, ಇವರಿಗೂ ಇಲ್ಲ.

ಹ್ಯಾಂಬರ್ಗ್‌ನ ಜನವರಿ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಎಂಟೂವರೆಗೆ ಬೆಳಕು, ಸಂಜೆ ನಾಲ್ಕೂಕಾಲಿಗೆ ಕತ್ತಲೆ. ಆ ನಡುವೆಯೂ ಸೂರ್ಯ ಕಾಣುವ ಗ್ಯಾರಂಟಿ ಇಲ್ಲ. ಹಾಗಾಗಿ ಕೆನರಿ ದ್ವೀಪಗಳ ಕಡೆ ಓಡುವುದು ಹೊಸ ವಿಷಯವೇನಲ್ಲ, ಎಲ್ಲರೂ ಓಡುತ್ತಾರೆ. ಹೇಗೆ ಓಡಬೇಕು ಅನ್ನುವುದರಲ್ಲೇ ನಮ್ಮ ದುಡ್ಡು ಎರಡು ಚಳಿಗಾಲ ನೀರಿನಂತೆ ಹೋಯಿತು.

ಮೊದಲ ಸಲ ಕೆನರಿಯ ಇನ್ನೊಂದು ದ್ವೀಪ ಟೆನೆರಿಫೆಯ ದಕ್ಷಿಣದಲ್ಲಿ ದೊಡ್ಡ ಹೋಟೆಲು, ಮೂರು ಹೊತ್ತೂ ಬಫೆ. ನಾವಿಬ್ಬರೂ ಸಸ್ಯಾಹಾರಿಗಳು. ಮೊದಲ ದಿನ ಬೇಳೆ ಸೂಪ್ ಅಂತ ಖುಷಿಯಿಂದ ಬಡಿಸಿಕೊಂಡರೆ ಒಳಗೆ ಹಂದಿಮಾಂಸದ ಚೂರು ತೇಲುತ್ತಿತ್ತು. ಅಲ್ಲಿಂದ ಮುಂದೆ ಬ್ರೆಡ್ಡು, ಆಲೂಗಡ್ಡೆ ಫ್ರೈ, ಕಲ್ಲಂಗಡಿ. ಮಾರನೆಯ ವರ್ಷ ನಾವೇ ಮನೆ ಹುಡುಕಿದೆವು. ಅದೇ ದ್ವೀಪದ ಉತ್ತರ ಭಾಗ, ಬೆಟ್ಟದ ಮೇಲೆ, ಫೋಟೋದಲ್ಲಿ ಸ್ವರ್ಗ. ಹೋಗಿ ನೋಡಿದರೆ ದಿನವಿಡೀ ಮೋಡ. ಈಶಾನ್ಯದಿಂದ ಬರುವ ಗಾಳಿ 3,715 ಮೀಟರ್ ಎತ್ತರದ ಟೇಯ್ಡೆ ಪರ್ವತಕ್ಕೆ ತಡೆದು ಉತ್ತರದಲ್ಲೇ ಮೋಡ ಕಟ್ಟುತ್ತದೆ. ದಕ್ಷಿಣದಲ್ಲಿ ಬಿಸಿಲು. ಒಂದೇ ದ್ವೀಪ, ಗಂಟೆಯ ದಾರಿ, ಎರಡು ಹವಾಮಾನ. ಮನೆಯ ಮಾಲೀಕರು ಇದನ್ನು ಎಲ್ಲೂ ಬರೆದಿರಲಿಲ್ಲ ಅನ್ನಿ.

ಅದಾದ ಮೇಲೆ ಲಾನ್ಸರೋಟೆ ಕಣ್ಣಿಗೆ ಬಿತ್ತು. ಅಲ್ಲಿನ ಅತಿ ಎತ್ತರದ ಜಾಗವೇ 670 ಮೀಟರ್ ಸುಮಾರು. ಮೋಡ ತಡೆಯುವಂಥ ಬೆಟ್ಟವೇ ಇಲ್ಲ, ಹಾಗಾಗಿ ಮಳೆಯೂ ಇಲ್ಲ. ನಮ್ಮ ಚಿತ್ರದುರ್ಗದ ಮಳೆಯ ಕಾಲು ಭಾಗ ಬಂದರೆ ಅವರಿಗೆ ಹೆಚ್ಚು. ಆಫ್ರಿಕಾ ಕರಾವಳಿ ನೂರ ಮೂವತ್ತು ಕಿಲೋಮೀಟರ್ ಒಳಗೇ ಇದೆ. ನಕ್ಷೆಯಲ್ಲಿ ಹೆಚ್ಚುಕಡಿಮೆ ದೆಹಲಿಯ ನೇರಕ್ಕೆ ಬರುತ್ತದೆ. ಜನವರಿಯಲ್ಲಿ ಹಗಲು ಇಪ್ಪತ್ತು, ಇಪ್ಪತ್ತೊಂದು ಡಿಗ್ರಿ, ರಾತ್ರಿ ಹದಿನಾಲ್ಕು. ಸ್ಪೇನ್ ಆದ್ದರಿಂದ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ವೀಸಾ ಚಿಂತೆ ಇಲ್ಲ.

ದಿನ ಆರಿಸುವುದರಲ್ಲೇ ಅರ್ಧ ದುಡ್ಡು ಉಳಿಯುತ್ತದೆ. ಸ್ಪೇನಿನಲ್ಲಿ ಜನವರಿ 6 ಮೂವರು ರಾಜರ ಹಬ್ಬ. ಅಲ್ಲಿಯವರೆಗೂ ದರ ಆಕಾಶದಲ್ಲಿ. ಅದು ಮುಗಿದ ಮರುದಿನವೇ ಬೀಳುತ್ತದೆ. ಫೆಬ್ರವರಿಯಲ್ಲಿ ಕಾರ್ನಿವಲ್ ಹತ್ತಿರ ಬಂದಂತೆ ಮತ್ತೆ ಏರುತ್ತದೆ. ಈ ನಡುವಿನ ಕಿಂಡಿಯಲ್ಲಿ ನುಗ್ಗಬೇಕು. ಮಕ್ಕಳ ಶಾಲೆ ರಜೆಯ ಹಂಗಿಲ್ಲದ ಜೋಡಿಗೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ. ನೇರ ವಿಮಾನ, ಐದು ಗಂಟೆಗೆ ಸ್ವಲ್ಪ ಕಡಿಮೆ. ಇಬ್ಬರಿಗೂ ಸೇರಿ ಮುನ್ನೂರು ಚಿಲ್ಲರೆ ಯೂರೋ, ಕ್ಯಾಬಿನ್ ಬ್ಯಾಗ್ ಮಾತ್ರ. ಯಾವ ವಾರ, ಯಾವ ಹೊತ್ತಿನಲ್ಲಿ ಬುಕ್ ಮಾಡಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅಷ್ಟು ಗುಟ್ಟು ನನ್ನ ಹತ್ತಿರವೇ ಇರಲಿ.

ಮನೆಯ ವಿಷಯ. ಪ್ರವಾಸಿಗಳೆಲ್ಲ ಪುವೆರ್ಟೊ ದೆಲ್ ಕಾರ್ಮೆನ್, ಪ್ಲಾಯಾ ಬ್ಲಾಂಕಾ, ಕೋಸ್ಟಾ ತೆಗೀಸೆ ಅಂತ ಹೋಗುತ್ತಾರೆ. ನಾವು ಅಲ್ಲಿನ ಜನ ನಿಜವಾಗಿ ವಾಸಿಸುವ ಒಂದು ಊರು ಹಿಡಿದೆವು. ರಾಜಧಾನಿ ಅರೆಸಿಫೆಗೆ ಬಸ್ಸು ಮೇಲಿಂದ ಮೇಲೆ ಇರಬೇಕು, ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಗಾಳಿಗೆ ಮರೆ ಇರುವ ಕಡೆ ಇರಬೇಕು. ಈ ಮೂರೂ ಕೂಡಿಬರುವ ಊರು ಜಾಸ್ತಿ ಇಲ್ಲ, ನೀವೇ ನಕ್ಷೆ ಹಿಡಿದು ಕೂತರೆ ಸಿಗುತ್ತದೆ. ರಾತ್ರಿಗೆ ಐವತ್ತೈದೋ ಅರವತ್ತೋ ಯೂರೋ, ಮೇಲೆ ಕ್ಲೀನಿಂಗ್ ಚಾರ್ಜ್. ಒಂದು ಎಚ್ಚರ: ಅಲ್ಲಿನ ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಹಗಲು ಟೀ ಶರ್ಟು, ರಾತ್ರಿ ಕಲ್ಲಿನ ನೆಲದಿಂದ ಕಾಲಿಗೆ ಚಳಿ ಹತ್ತುತ್ತದೆ. ಜರ್ಮನಿಯ ಬೆಚ್ಚನೆ ಮನೆಗೆ ಒಗ್ಗಿದ ಮೈ ಸ್ವಾಮಿ ಇದು. ಕಾಲುಚೀಲ, ಸ್ವೆಟರ್ ಬಿಡಬೇಡಿ. ಬೆಟ್ಟದ ಮೇಲಿನ ಮನೆಯಲ್ಲಿ ನಡುಗಿದ್ದು ನೆನಪಿದ್ದದ್ದರಿಂದ ಈ ಸಲ ಹಾಟ್ ವಾಟರ್ ಬ್ಯಾಗ್ ಕೂಡ ಒಯ್ದಿದ್ದೆ. ಬಿಸಿನೀರು ಹರಿಸದ ಈಜುಕೊಳ ನೋಡಿ ಆಸೆಪಡಬೇಡಿ, ಇಳಿದರೆ ಹಲ್ಲು ಕಟಕಟ. ಸಮುದ್ರವೂ ಹದಿನೆಂಟು, ಹತ್ತೊಂಬತ್ತು ಡಿಗ್ರಿ ಅಷ್ಟೇ. ಇವರು ಇಳಿದರು, ನಾನು ದಡದಲ್ಲಿ ಕಾಲು ನೆನೆಸಿದೆ.

ಬ್ಯಾಗಿನಲ್ಲಿ ಅರ್ಧ ಬಟ್ಟೆ, ಅರ್ಧ ಪುಡಿ. ಸಾರಿನ ಪುಡಿ, ಹುಳಿ ಪುಡಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಸಾಮಾನು, ಒಣ ಹುಣಸೆಹಣ್ಣು. ಉಪ್ಪಿನಕಾಯಿ, ತುಪ್ಪ ಎರಡೂ ದ್ರವದ ಲೆಕ್ಕಕ್ಕೆ ಬರುತ್ತವೆ. ನೂರು ಮಿಲಿ ದಾಟಿದ ನಮ್ಮಮ್ಮನ ಮಾವಿನಮಿಡಿ ಹಿಂದಿನ ವರ್ಷ ತಪಾಸಣೆಯಲ್ಲೇ ಕಸದ ಡಬ್ಬಿಗೆ ಹೋಯಿತು. ಅದರ ದುಃಖ ಇನ್ನೂ ಇದೆ. ಅಕ್ಕಿ, ಬೇಳೆ, ತರಕಾರಿ, ಮೊಸರು ಅಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲೇ. ದಿನಸಿಗೆ ಒಟ್ಟು ನೂರಹತ್ತು ಯೂರೋ ಆಗಿರಬಹುದು. ನಲ್ಲಿಯಲ್ಲಿ ಬರುವುದು ಸಮುದ್ರದ ಉಪ್ಪು ತೆಗೆದ ನೀರು. ಅಡುಗೆಗೆ ಪರವಾಗಿಲ್ಲ, ಕುಡಿಯುವುದಕ್ಕೆ ಕ್ಯಾನ್ ತಂದೆವು. ಕುಕ್ಕರ್ ಇರಲಿಲ್ಲ, ಬೇಳೆ ರಾತ್ರಿಯೇ ನೆನೆಹಾಕಿದೆ. ಲಟ್ಟಣಿಗೆ ಬದಲು ವೈನ್ ಬಾಟಲಿ. ಆ ಬಾಟಲಿ ಖಾಲಿ ಮಾಡಿದವರು ಯಾರು ಅಂತ ನಮ್ಮತ್ತೆಗೆ ತಿಳಿಯಬಾರದು.

ಇಲ್ಲಿ ಗೋಫಿಯೋ ಬಗ್ಗೆ ಬರೆಯದೆ ಇರಲಾರೆ. ಕೆನರಿ ದ್ವೀಪಗಳಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಹಿಟ್ಟು. ಮೆಕ್ಕೆಜೋಳ ಅಥವಾ ಗೋಧಿಯನ್ನು ಹುರಿದು ಬೀಸಿದ್ದು. ಪೊಟ್ಟಣ ಬಿಚ್ಚಿದ ಕೂಡಲೇ ಇವರು "ಇದು ನಮ್ಮ ಹುರಿಹಿಟ್ಟೇ ಕಣೇ" ಅಂದರು. ನಿಜ, ಅದೇ ವಾಸನೆ. ಅವರು ಹಾಲಿಗೆ ಹಾಕಿಕೊಳ್ಳುತ್ತಾರೆ, ಬಿಸಿ ಸಾರಿಗೆ ಕದಡುತ್ತಾರೆ, ಉಂಡೆ ಕಟ್ಟಿಯೂ ತಿನ್ನುತ್ತಾರೆ. ನಾನು ಮೊದಲು ರೊಟ್ಟಿ ಮಾಡಲು ಹೋದೆ. ಹುರಿದ ಹಿಟ್ಟು ಅಂಟುವುದಿಲ್ಲ, ತಟ್ಟಿದಷ್ಟೂ ಬಿರುಕು. ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕಲಸಿದ್ದು ಚೆನ್ನಾಗಿತ್ತು. ಕೊನೆಗೆ ಮುದ್ದೆ. ಹುರಿದದ್ದಾದ್ದರಿಂದ ಬೇಯಿಸುವ ಹೊತ್ತು ತುಂಬ ಕಡಿಮೆ, ನೀರೂ ಬೇರೆ ಅಳತೆ. ಮೊದಲನೆಯದು ಗಂಜಿ, ಆಮೇಲಿನದು ಕಲ್ಲು. ಮೂರನೆಯದಕ್ಕೆ ಹದ ಸಿಕ್ಕಿತು. ಆ ಅಳತೆ ಹೇಳುವುದಿಲ್ಲ, ಕೈಯಾರೆ ಕೆಡಿಸಿಕೊಂಡೇ ಕಲಿಯಿರಿ! ಲಾನ್ಸರೋಟೆಯ ಸಣ್ಣ ಮಸೂರದ ಕಾಳಿನ ಸಾರು, ಗೋಫಿಯೋ ಮುದ್ದೆ, ಮೇಲೆ ಅವರ ಕೆಂಪು ಮೋಹೋ ಚಟ್ನಿ. ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಎಣ್ಣೆ, ವಿನೆಗರ್ ಹಾಕಿ ಅರೆದದ್ದು, ನಮ್ಮ ನಾಲಿಗೆಗೆ ಹೊಸದೇನಲ್ಲ. ಹೊರಗೆ ತಿಂದದ್ದು ಎರಡು ಮೂರು ಸಲ. ಪ್ರತಿ ಸಲವೂ ಪಾಪಾಸ್ ಅರ್ರುಗಾದಾಸ್, ಉಪ್ಪು ನೀರಿನಲ್ಲಿ ಸಿಪ್ಪೆ ಸುಕ್ಕಾಗುವವರೆಗೆ ಬೇಯಿಸಿದ ಸಣ್ಣ ಆಲೂಗಡ್ಡೆ. ಸಸ್ಯಾಹಾರಿಗೆ ಕಣ್ಣುಮುಚ್ಚಿ ಹೇಳಬಹುದಾದ ತಿಂಡಿ ಅದೊಂದೇ.

ಕಾರು ಪೂರ್ತಿ ರಜೆಗೆ ಬೇಡ. ಟೆನೆರಿಫೆಯಲ್ಲಿ ಕಡಿಮೆ ದರ ನೋಡಿ ಬುಕ್ ಮಾಡಿ, ಕೌಂಟರಿನಲ್ಲಿ "ವಿಮೆ ತಗೊಳ್ಳಿ, ಇಲ್ಲಾ ಸಾವಿರ ಯೂರೋ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತೇವೆ" ಅಂತ ಕೇಳಿಸಿಕೊಂಡು, ಬಾಡಿಗೆಗಿಂತ ವಿಮೆಗೇ ಜಾಸ್ತಿ ಕೊಟ್ಟಿದ್ದೆವು. ಈ ಸಲ ದ್ವೀಪದ್ದೇ ಕಂಪನಿ. ಪೂರ್ತಿ ವಿಮೆ ಸೇರಿಸಿಯೇ ದರ ಹೇಳಿದರು, ಡೆಪಾಸಿಟ್ ಕೇಳಲಿಲ್ಲ. ಮೂರು ದಿನಕ್ಕೆ ನೂರಹತ್ತು ಯೂರೋ ಇರಬೇಕು. ಪೆಟ್ರೋಲು ಜರ್ಮನಿಗಿಂತ ಎಷ್ಟೋ ಅಗ್ಗ, ಕೆನರಿ ದ್ವೀಪಗಳ ತೆರಿಗೆ ಲೆಕ್ಕವೇ ಬೇರೆ. ಮಿಕ್ಕ ದಿನ ಬಸ್ಸು, ಮಿಕ್ಕದ್ದು ಕಾಲು.

ಕಾರು ಇರುವ ದಿನ ಮೊದಲು ತಿಮನ್‌ಫಾಯಾ, ಜ್ವಾಲಾಮುಖಿಯ ರಾಷ್ಟ್ರೀಯ ಉದ್ಯಾನ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಕಾರಿನ ಸಾಲು ಕರಗುವುದೇ ಇಲ್ಲ. 1730ರ ಸೆಪ್ಟೆಂಬರ್ 1ರಂದು ಶುರುವಾದ ಜ್ವಾಲಾಮುಖಿ 1736ರವರೆಗೂ ಉಗುಳುತ್ತಲೇ ಇತ್ತು. ಊರುಗಳು, ಒಳ್ಳೆ ಹೊಲಗಳು ಎಲ್ಲ ಮುಚ್ಚಿಹೋದವು. ಯಾಯ್ಸಾ ಊರಿನ ಪಾದ್ರಿ ಲೊರೆನ್ಸೊ ಕುರ್ಬೆಲೊ ಕಂಡದ್ದನ್ನು ಬರೆದಿಟ್ಟರು. ಅದರಿಂದಲೇ ನಮಗೆ ಇಷ್ಟು ತಿಳಿದಿದೆ. ಇವತ್ತಿಗೂ ನೆಲದ ಕೆಳಗೆ ಕೆಂಡದಂಥ ಶಾಖ. ಗುಂಡಿಗೆ ಒಣ ಪೊದೆ ತುರುಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕೊಳವೆಗೆ ಬಕೆಟ್ ನೀರು ಸುರಿದರೆ ಆವಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಅದೇ ಶಾಖದ ಮೇಲೆ ಹೋಟೆಲಿನವರು ಕೋಳಿ ಸುಡುತ್ತಾರೆ. "ಎರಡು ಚಪಾತಿ ಸುಟ್ಕೋಬಹುದಾ ಕೇಳ್ಲಾ?" ಅಂತ ಇವರು. ನಾನು ತೋಳು ಹಿಡಿದು ಎಳೆದುಕೊಂಡು ಬಂದೆ. ಒಳಗಿನ ದಾರಿಯನ್ನು ಅವರದೇ ಬಸ್ಸಿನಲ್ಲಿ ನೋಡಬೇಕು, ಇಳಿಯಲು ಬಿಡುವುದಿಲ್ಲ. ಕಿಟಕಿ ಪಕ್ಕ ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯಿರಿ.

ನನಗೆ ಅದಕ್ಕಿಂತ ಹಿಡಿಸಿದ್ದು ಲಾ ಹೇರಿಯಾದ ದ್ರಾಕ್ಷಿ ತೋಟಗಳು. ಕಪ್ಪು ಬೂದಿಯಲ್ಲಿ ಆಳವಾದ ಗುಂಡಿ ತೋಡಿ, ತಳದ ಮಣ್ಣಿನಲ್ಲಿ ಬಳ್ಳಿ ನೆಟ್ಟು, ಗಾಳಿ ಬೀಸುವ ಕಡೆ ಅರ್ಧಚಂದ್ರದ ಕಲ್ಲುಗೋಡೆ ಕಟ್ಟಿದ್ದಾರೆ. ರಾತ್ರಿಯ ತೇವವನ್ನು ಬೂದಿ ಹಿಡಿದಿಟ್ಟುಕೊಳ್ಳುತ್ತದೆ, ಹಗಲು ಆರಲು ಬಿಡುವುದಿಲ್ಲ. ಹೊಲ ನುಂಗಿದ ಬೂದಿಯೇ ಆಮೇಲೆ ಬೆಳೆ ಕಾಯ್ದಿದೆ. ಫೋಟೋ ನೋಡಿದ ನಮ್ಮ ಮಾವನವರು ಒಂದು ಗುಂಡಿಗೆ ಒಂದೇ ಬಳ್ಳಿಯಾ, ಎಕರೆಗೆ ಎಷ್ಟು ಗುಂಡಿ, ಕೂಲಿ ಎಷ್ಟು ಅಂತ ಅರ್ಧ ಗಂಟೆ ಕೇಳಿದರು. ಶೇಂಗಾ ಬೆಳೆದವರಲ್ವಾ. ಎಕರೆಗೆ ಎಷ್ಟು ಗುಂಡಿ ಅಂತ ನಾನು ಎಣಿಸಿರಲಿಲ್ಲ.

ಉತ್ತರದ ಕಡೆ ಹಾಮೆಯೋಸ್ ದೆಲ್ ಆಗುವಾ. ಲಾವಾ ಹರಿದು ಆದ ಸುರಂಗ, ಒಳಗೆ ಉಪ್ಪುನೀರಿನ ಕೊಳ, ಅದರಲ್ಲಿ ಉಗುರಿನಷ್ಟು ಬಿಳಿ ಕುರುಡು ಏಡಿಗಳು. ನಾಣ್ಯ ಹಾಕಬೇಡಿ ಅಂತ ಬೋರ್ಡಿದೆ, ಲೋಹ ಏಡಿಗಳಿಗೆ ವಿಷ. ಇವರ ಕೈ ಆಗಲೇ ಜೇಬಿನಲ್ಲಿತ್ತು! ಈ ಜಾಗವನ್ನು ರೂಪಿಸಿದ್ದು ಸೆಸಾರ್ ಮನ್ರಿಕೆ ಎಂಬ ಕಲಾವಿದ, 1992ರಲ್ಲಿ ತೀರಿಕೊಂಡರು. ದ್ವೀಪದಲ್ಲಿ ಎತ್ತರದ ಕಟ್ಟಡ, ರಸ್ತೆಬದಿಯ ಜಾಹೀರಾತು ಫಲಕ ಬರದಂತೆ ಹಟ ಹಿಡಿದವರು ಅವರೇ. ಎಲ್ಲ ಕಡೆ ಬಿಳಿ ಗೋಡೆ, ಹಸಿರು ಕಿಟಕಿ. ಪಕ್ಕದ ಕುವೇವಾ ದೆ ಲೋಸ್ ವೆರ್ದೆಸ್ ಗುಹೆಗೂ ಹೋಗಿ. ಅದರ ಕೊನೆಯಲ್ಲಿ ಏನಿದೆ ಅಂತ ಹೊರಗೆ ಹೇಳಬೇಡಿ ಅಂತ ಗೈಡ್ ಕೇಳಿಕೊಳ್ಳುತ್ತಾರೆ. ನಾನೂ ಹೇಳುವುದಿಲ್ಲ. ಒಂಟೆ ಸವಾರಿ ಮಾತ್ರ ಬೇಡ, ಅದಕ್ಕೆ ಕೊಡುವ ದುಡ್ಡಿಗೆ ನಾಲ್ಕು ದಿನದ ತರಕಾರಿ ಬರುತ್ತದೆ.

ಕೈಯಲ್ಲಿಲ್ಲದ ವಿಷಯ ಒಂದಿದೆ, ಕಲೀಮಾ. ಸಹಾರಾದಿಂದ ಧೂಳು ಹೊತ್ತು ಬರುವ ಗಾಳಿ. 2020ರ ಫೆಬ್ರವರಿಯಲ್ಲಿ ಇದೇ ಧೂಳಿಗೆ ಕೆನರಿ ದ್ವೀಪಗಳ ವಿಮಾನ ನಿಲ್ದಾಣಗಳೇ ಮುಚ್ಚಿದ್ದವು. ನಮಗೂ ಒಂದೂವರೆ ದಿನ ಬಡಿಯಿತು. ಆಕಾಶ ಮಣ್ಣಿನ ಬಣ್ಣ, ಗಂಟಲಲ್ಲಿ ಕೆರೆತ. ಮನೆಯೊಳಗೇ ಕೂತು ಇಸ್ಪೀಟು ಆಡಿ, ಚಿತ್ರಾನ್ನ ಮಾಡಿ ತಿಂದೆವು. ಹೋಟೆಲ್ ರೂಮಿನಲ್ಲಿ ಇದ್ದಿದ್ದರೆ ಆ ದಿನ ಜಗಳ ಗ್ಯಾರಂಟಿ ಇತ್ತು. ಧೂಳಿಗೆ ವಿಮಾನವೂ ತಡವಾಗಬಹುದು, ಹಾಗಾಗಿ ವಾಪಸ್ ಬಂದ ಮಾರನೆಯ ದಿನವೇ ಆಫೀಸು ಅಂತ ಇಟ್ಟುಕೊಳ್ಳಬೇಡಿ, ನಡುವೆ ಒಂದು ದಿನ ಬಿಡಿ.

ನಕ್ಕಿದ್ದ ಗೆಳೆಯರಲ್ಲಿ ಒಂದು ಜೋಡಿ ಮೊನ್ನೆ ಬಂದು ಮನೆಯ ಲಿಂಕ್ ಕೇಳಿತು. ಮುಂದಿನ ಜನವರಿಗೆ ಅದೇ ಮನೆಗೆ ನಾವೇ ಮುಂಗಡ ಕಟ್ಟಿ ಆಗಿದೆ. ಅವರಿಗೆ ಒಂದು ಪೊಟ್ಟಣ ಗೋಫಿಯೋ ಕೊಟ್ಟು ಕಳಿಸಿದೆ.