ವೈದ್ಯಕೀಯ ನಿರ್ಲಕ್ಷ್ಯದ ದೂರು: ಮೊದಲು ದಾಖಲೆ, ಆಮೇಲೆ ವೇದಿಕೆ

ಚಿಕಿತ್ಸೆ ಫಲಿಸದೆ ಹೋದ ಮಾತ್ರಕ್ಕೆ ವೈದ್ಯರು ತಪ್ಪಿತಸ್ಥರಾಗುವುದಿಲ್ಲ. ಅದೇ ವಿಭಾಗದಲ್ಲಿ ಸಾಧಾರಣ ಕೌಶಲವುಳ್ಳ ವೈದ್ಯರೊಬ್ಬರು ಅಂಥ ಸಂದರ್ಭದಲ್ಲಿ ವಹಿಸುತ್ತಿದ್ದಷ್ಟು ಎಚ್ಚರಿಕೆಯನ್ನು ಇವರು ವಹಿಸಿದ್ದರೇ, ಆ ಎಚ್ಚರ ತಪ್ಪಿದ್ದರಿಂದಲೇ ರೋಗಿಗೆ ಹಾನಿಯಾಯಿತೇ ಎಂಬುದನ್ನು ನ್ಯಾಯಾಲಯವೂ ಗ್ರಾಹಕ ಆಯೋಗವೂ ಮುಖ್ಯವಾಗಿ ಪರಿಶೀಲಿಸುತ್ತವೆ. ಅಂಗೀಕೃತವಾದ ಎರಡು ಚಿಕಿತ್ಸಾಕ್ರಮಗಳಲ್ಲಿ ಒಂದನ್ನು ಆಯ್ದುಕೊಂಡದ್ದು ನಿರ್ಲಕ್ಷ್ಯವಲ್ಲ. ಅಲರ್ಜಿಯಿದೆ ಎಂದು ಕೇಸ್ ಶೀಟಿನಲ್ಲಿ ಬರೆದಿದ್ದರೂ ಅದೇ ಔಷಧವನ್ನು ಕೊಟ್ಟದ್ದು ನಿರ್ಲಕ್ಷ್ಯವಾಗಬಲ್ಲದು.

ಆದ್ದರಿಂದ ಆರೋಪಕ್ಕೆ ಮೊದಲು ದಾಖಲೆಗಳನ್ನು ಪಡೆಯಿರಿ. ವೈದ್ಯರ ವೃತ್ತಿ ನಡವಳಿಕೆಯ ಕುರಿತ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದಾಗ ಕೋರಿಕೆಯನ್ನು ಸ್ವೀಕರಿಸಿದ್ದಕ್ಕೆ ಗುರುತು ಕೊಟ್ಟು 72 ಗಂಟೆಗಳೊಳಗೆ ಪ್ರತಿ ಒದಗಿಸಬೇಕು. ಬಾಯಿಮಾತಿನಲ್ಲಿ ಕೇಳದೆ, ಆಸ್ಪತ್ರೆಯ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯೊಂದೇ ಸಾಲದು, ಏಕೆಂದರೆ ಅದು ಆಸ್ಪತ್ರೆಯೇ ಕೊನೆಯಲ್ಲಿ ಬರೆದ ಸಾರಾಂಶ. ಯಾವ ಗಂಟೆಗೆ ಜ್ವರ ಏರಿತು, ಯಾರಿಗೆ ತಿಳಿಸಲಾಯಿತು, ವೈದ್ಯರು ಎಷ್ಟು ಹೊತ್ತಿಗೆ ಬಂದರು ಎಂಬುದು ಹೆಚ್ಚಾಗಿ ಸಿಗುವುದು ನರ್ಸ್‌ಗಳ ಟಿಪ್ಪಣಿಗಳಲ್ಲಿ ಮತ್ತು ಔಷಧ ಕೊಟ್ಟ ಚಾರ್ಟಿನಲ್ಲಿ. ಪೂರ್ತಿ ಕೇಸ್ ಶೀಟ್, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ಟಿಪ್ಪಣಿಗಳು, ಪರೀಕ್ಷಾ ವರದಿಗಳು, ಸಹಿ ಮಾಡಿದ ಒಪ್ಪಿಗೆ ಪತ್ರ ಮತ್ತು ಹಣ ಕಟ್ಟಿದ ರಸೀದಿಗಳನ್ನು ಹೆಸರಿಸಿಯೇ ಕೇಳಿ. ಒಪ್ಪಿಗೆ ಪತ್ರವನ್ನು ವಿಶೇಷವಾಗಿ ಓದಬೇಕು: ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ, ರೋಗನಿದಾನದ ಪ್ರಕ್ರಿಯೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೂ ಒಪ್ಪಿಗೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ.

ಈ ಕಾಗದಗಳಿಂದ ದಿನ ಮತ್ತು ಗಂಟೆಯ ಕ್ರಮದಲ್ಲಿ ಘಟನಾವಳಿಯೊಂದನ್ನು ಬರೆದು, ಅದೇ ವಿಭಾಗದ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ತಜ್ಞರಿಗೆ ತೋರಿಸಿ. "ಅವರು ತಪ್ಪು ಮಾಡಿದರೇ?" ಎಂದರೆ ಬಹುತೇಕ ವೈದ್ಯರು ಮೌನವಾಗುತ್ತಾರೆ, "ಈ ಲಕ್ಷಣ ಕಂಡಾಗ ಯಾವ ಪರೀಕ್ಷೆ ಮಾಡಿಸಬೇಕಿತ್ತು?" ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಪ್ರತಿಯೊಂದು ಗ್ರಾಹಕ ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು 2010ರ ತೀರ್ಪೊಂದಿದೆಯಾದರೂ, ಹೊಟ್ಟೆಯೊಳಗೆ ಬಟ್ಟೆ ಉಳಿದುಹೋದಂಥ ಎದ್ದುಕಾಣುವ ತಪ್ಪುಗಳಿಗಷ್ಟೇ ಆ ಧೈರ್ಯವನ್ನು ಮೀಸಲಿಡುವುದು ಜಾಣತನ.

ವೇದಿಕೆಯ ಆಯ್ಕೆ ನಿಮಗೆ ಏನು ಬೇಕೆಂಬುದನ್ನು ಅವಲಂಬಿಸಿದೆ. ಹಣದ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಹಣ ಪಡೆದು ಕೊಡುವ ಚಿಕಿತ್ಸೆಯೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಮಾನಿಸಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯ ಉಚಿತ ರೋಗಿಗಳಿಗೂ ಈ ದಾರಿ ತೆರೆದಿದೆ. ಎಲ್ಲರಿಗೂ ಪೂರ್ಣ ಉಚಿತವಾಗಿರುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಸಿವಿಲ್ ನ್ಯಾಯಾಲಯವೇ ಗತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಜಿಲ್ಲಾ, ರಾಜ್ಯ, ರಾಷ್ಟ್ರೀಯ ಎಂಬ ಮೂರರಲ್ಲಿ ಯಾವ ಹಂತದ ಆಯೋಗ ಎಂಬುದು ಕೇಳುವ ಪರಿಹಾರದಿಂದಲ್ಲ, ಚಿಕಿತ್ಸೆಗೆ ಕಟ್ಟಿದ ಹಣದಿಂದ ನಿರ್ಧಾರವಾಗುತ್ತದೆ. ರಸೀದಿ ಬೇಕೆಂದದ್ದು ಇದಕ್ಕಾಗಿಯೂ ಹೌದು.

ವೈದ್ಯರ ವೃತ್ತಿನಡತೆಯನ್ನೇ ಪ್ರಶ್ನಿಸುವುದಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ. ಅದು ಎಚ್ಚರಿಕೆ ನೀಡಬಹುದು, ನೋಂದಣಿಯಿಂದ ಹೆಸರನ್ನು ಕೆಲಕಾಲ ಅಥವಾ ಶಾಶ್ವತವಾಗಿ ತೆಗೆಯಬಹುದು, ಆದರೆ ನಿಮಗೆ ಪರಿಹಾರ ಕೊಡಿಸಲಾರದು. ಖಾಸಗಿ ಆಸ್ಪತ್ರೆಯ ಬಿಲ್ಲು, ಸೌಲಭ್ಯ, ನಡವಳಿಕೆಯ ತಕರಾರಿಗೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರವಿದೆ.

ಪೊಲೀಸ್ ಠಾಣೆ ಮೊದಲ ಮೆಟ್ಟಿಲಾಗಬಾರದು. ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಬೇಕೆಂದೂ, ತನಿಖಾಧಿಕಾರಿ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದೂ 2005ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ.

ಗ್ರಾಹಕ ಆಯೋಗಕ್ಕೆ ಕಾಲಮಿತಿ 2 ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ಆದರೆ ವೈದ್ಯಕೀಯ ಪರಿಷತ್ತಿನ ತೀರ್ಮಾನಕ್ಕಾಗಿ ಕಾಯುತ್ತಿದ್ದೆನೆಂಬುದು ತಾನಾಗಿಯೇ ಸಕಾರಣವಾಗುವುದಿಲ್ಲವಾದ್ದರಿಂದ, ಎರಡೂ ದೂರುಗಳನ್ನು ಏಕಕಾಲಕ್ಕೆ ಸಲ್ಲಿಸಿ.