ಮಾರ್ಗನ್ ಡಾಲರ್ ಕೈಗೆ ಬಂದರೆ ನಾನು ನೋಡುವುದೇನು

ಒಹಾಯೋದಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರ ಮಾವ ತೀರಿಕೊಂಡಾಗ, ಅವರ ಮನೆಯಲ್ಲಿ ಒಂದು ಡಬ್ಬಿ ಬೆಳ್ಳಿ ಡಾಲರ್ ಸಿಕ್ಕಿತು. ನನಗೆ ನಾಣ್ಯದ ಹುಚ್ಚು ಅಂತ ಗೊತ್ತಿದ್ದರಿಂದ ಡಬ್ಬಿ ನೇರ ನನ್ನ ಹತ್ತಿರ ಬಂತು. ನೂರು ವರ್ಷ ಹಳೆಯದು, ಭಾರಿ ಬೆಲೆ ಇರಬೇಕು ಅಲ್ವಾ ಅಂತ ಅವರ ಲೆಕ್ಕ. ಹಳೆಯದು ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ. 1921ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯೊಂದೇ ಮಾರ್ಗನ್ ಡಾಲರ್ ಅನ್ನುವ ಬೆಳ್ಳಿ ನಾಣ್ಯ 4 ಕೋಟಿ 46 ಲಕ್ಷಕ್ಕೂ ಜಾಸ್ತಿ ಹೊಡೆದಿತ್ತು. ಡಬ್ಬಿಯಲ್ಲಿದ್ದವು ಮುಕ್ಕಾಲು ಪಾಲು ಅವೇ.

ಮೊದಲು ಜಾತಿ ಬೇರೆ ಮಾಡಿದೆ. ಎಡಕ್ಕೆ ಮುಖ ಮಾಡಿದ ಲಿಬರ್ಟಿ (ಸ್ವಾತಂತ್ರ್ಯ ದೇವಿ), ಹಿಂದೆ ರೆಕ್ಕೆ ಬಿಚ್ಚಿದ ಹದ್ದು ಇದ್ದರೆ ಅದು ಜಾರ್ಜ್ ಮಾರ್ಗನ್ ವಿನ್ಯಾಸ. ಹಳೆಯವನ್ನು ಹೊಡೆದದ್ದು 1878ರಿಂದ 1904, ಆಮೇಲೆ 1921. ತಲೆಯಿಂದ ಕಿರಣ ಹೊಮ್ಮುತ್ತಿದ್ದು ಹದ್ದು ರೆಕ್ಕೆ ಮಡಚಿ ಕೂತಿದ್ದರೆ ಪೀಸ್ ಡಾಲರ್. ಐಸೆನ್‌ಹೋವರ್ ಮುಖದ ಕೆಲವು ನಾಣ್ಯಗಳೂ ಇದ್ದವು. 1970ರ ದಶಕದಲ್ಲಿ ಚಲಾವಣೆಗೆ ಬಿಟ್ಟ ಅವುಗಳಲ್ಲಿ ಬೆಳ್ಳಿಯೇ ಇಲ್ಲ, ಪಕ್ಕಕ್ಕಿಟ್ಟೆ.

ಆಮೇಲೆ ತಕ್ಕಡಿ. ಮಾರ್ಗನ್ ಡಾಲರ್ 26.73 ಗ್ರಾಂ ತೂಗಬೇಕು, ಅಗಲ 38.1 ಮಿಲಿಮೀಟರ್. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. ಎರಡು ಮೂರು ಗ್ರಾಂ ಕಡಿಮೆ ಬಂದರೆ ನನಗೆ ಅನುಮಾನ. ಅಯಸ್ಕಾಂತಕ್ಕೆ ಅಂಟಿದರೆ ಮುಗೀತು, ನಕಲಿ.

ನಿಜವಾದ ಮಜಾ ಇರುವುದು ಹಿಂಬದಿಯಲ್ಲಿ. ಎಲೆಗಳ ಹಾರದ ಗಂಟಿನ ಕೆಳಗೆ, 'ಡಾಲರ್' ಅನ್ನುವ ಅಕ್ಷರಗಳ ಮೇಲೆ, ಯಾವ ಟಂಕಸಾಲೆಯದು ಅಂತ ಹೇಳುವ ಒಂದು ಪುಟ್ಟ ಗುರುತಿರುತ್ತದೆ. 'ಎಸ್' ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, 'ಓ' ನ್ಯೂ ಆರ್ಲಿಯನ್ಸ್, 'ಸಿಸಿ' ನೆವಾಡಾದ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಹಳೆಯವುಗಳಲ್ಲಿ ಡೆನ್ವರಿನ 'ಡಿ' 1921ರಲ್ಲಿ ಮಾತ್ರ. 1893ರ 'ಎಸ್' ನಾಣ್ಯಗಳನ್ನು ಹೊಡೆದದ್ದು ಬರೀ ಒಂದು ಲಕ್ಷ. ಅದಕ್ಕೇ ಬೇರೆ ನಾಣ್ಯಕ್ಕೆ 'ಎಸ್' ಅಂಟಿಸಿ ಮಾರುವವರಿದ್ದಾರೆ. ಅಸಲಿಯಲ್ಲಿ ಮುಂಬದಿಯ 'ಲಿಬರ್ಟಿ' ಅನ್ನುವ ಪದದ 'ಟಿ' ಅಕ್ಷರದ ಮೇಲ್ಭಾಗದಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ ಇರುತ್ತದೆ. ಭೂತಗನ್ನಡಿಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಎಷ್ಟು ಹೊಡೆದರು ಅನ್ನುವುದಕ್ಕಿಂತ ಎಷ್ಟು ಉಳಿದವು ಅನ್ನುವುದು ಮುಖ್ಯ. 1884ರ 'ಸಿಸಿ' 11 ಲಕ್ಷ ಚಿಲ್ಲರೆ ಮಾತ್ರ. ಆದರೆ ಅದರಲ್ಲಿ 9 ಲಕ್ಷ 60 ಸಾವಿರಕ್ಕೂ ಹೆಚ್ಚು ಸರ್ಕಾರದ ಖಜಾನೆಯಲ್ಲೇ ಹೊಸದರಂತೆ ಉಳಿದಿದ್ದವು, 1970ರ ದಶಕದಲ್ಲಿ ಮಾರಾಟಕ್ಕೆ ಬಂದವು. ಇದಕ್ಕೆ ಉಲ್ಟಾ ಕಥೆ ಅಮೆರಿಕದ 1918ರ ಪಿಟ್‌ಮನ್ ಕಾಯ್ದೆಯದು. ಮಹಾಯುದ್ಧದ ಹೊತ್ತಿಗೆ ನಮ್ಮ ಭಾರತದಲ್ಲಿ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದ್ದರು. ಬ್ರಿಟಿಷರ ಬಳಿ ಬೆಳ್ಳಿ ಸಾಲಲಿಲ್ಲ. ಅಮೆರಿಕ 27 ಕೋಟಿ ಡಾಲರ್ ನಾಣ್ಯ ಕರಗಿಸಿತು, ಬಹುಪಾಲು ಬೆಳ್ಳಿ ಭಾರತಕ್ಕೆ ಹೋಯಿತು. ಊರಲ್ಲಿ ಯಾರದೋ ಅಜ್ಜಿಯ ಪೆಟ್ಟಿಗೆಯಲ್ಲಿರುವ 1919ರ ರೂಪಾಯಿ ಒಂದು ಕಾಲಕ್ಕೆ ಮಾರ್ಗನ್ ಡಾಲರ್ ಆಗಿದ್ದಿರಬಹುದು! ಯಾವ ವರ್ಷದವು ಎಷ್ಟು ಕರಗಿದವು ಅಂತ ಯಾರೂ ಲೆಕ್ಕ ಬರೆದಿಡಲಿಲ್ಲ.

ಸವೆತ ನೋಡುವಾಗ ಕಿವಿಯ ಮೇಲಿನ ಕೂದಲು ಮತ್ತು ಹದ್ದಿನ ಎದೆ, ಇವೆರಡನ್ನು ದೀಪದ ಕೆಳಗೆ ಓರೆ ಮಾಡಿ ನೋಡುತ್ತೇನೆ. ನ್ಯೂ ಆರ್ಲಿಯನ್ಸಿನವು ಎಷ್ಟೋ ಸಲ ಅಚ್ಚೇ ಸರಿಯಾಗಿ ಬಿದ್ದಿರುವುದಿಲ್ಲ. ಎದೆಯ ಗರಿ ಕಾಣದಿದ್ದರೂ, ನಾಣ್ಯ ಓರೆ ಮಾಡಿದಂತೆ ಹೊಳಪು ಅಲ್ಲೂ ಸುತ್ತುತ್ತಿದ್ದರೆ ಅದು ಸವೆತವಲ್ಲ. ತೊಳೆಯುವ ಮಾತಂತೂ ಬೇಡ. ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ, "ಇಷ್ಟು ಕಪ್ಪಾಗಿದೆ, ಹುಣಸೆಹಣ್ಣು ಹಚ್ಚಿ ತಿಕ್ಕಲೇನೋ?" ಅಂದಿದ್ದರು. ದೇವರ ಮನೆಯ ಬಟ್ಟಲಿಗೆ ಸರಿ. ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ, ಬೆಲೆ ಇಳಿಸುತ್ತಾರೆ.

ಬೆಲೆ ಕಟ್ಟಲು ಮೊದಲು ಬೆಳ್ಳಿ ಲೆಕ್ಕ ಹಾಕುತ್ತೇನೆ. ಒಂದು ಡಾಲರಿನಲ್ಲಿ 0.7734 ಟ್ರಾಯ್ ಔನ್ಸ್ (ಬೆಳ್ಳಿ ಬಂಗಾರ ತೂಗುವ ಅಳತೆ) ಶುದ್ಧ ಬೆಳ್ಳಿ ಇದೆ. ಔನ್ಸಿಗೆ 30 ಡಾಲರ್ ಅಂತ ಇಟ್ಟುಕೊಂಡರೆ 23 ಡಾಲರ್ 20 ಸೆಂಟ್. ಅದು ಬುಡ. ಅದರ ಮೇಲೆ ಎಷ್ಟು ಅಂತ ತಿಳಿಯಲು ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡುತ್ತೇನೆ. ಮಾರುವವರು ಸುಮ್ನೆ ಹಾಕಿಕೊಂಡ ಬೆಲೆ ನನಗೆ ಲೆಕ್ಕಕ್ಕಿಲ್ಲ.

ಆ ಡಬ್ಬಿಯಲ್ಲಿ 1890ರ 'ಸಿಸಿ' ಒಂದಿತ್ತು, ಸಾಕಷ್ಟು ಸವೆದಿತ್ತು. ಅದನ್ನು ಮಾತ್ರ ನಾಣ್ಯ ಪರೀಕ್ಷಿಸಿ ದರ್ಜೆ (ಗ್ರೇಡ್) ಕೊಡುವ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ ಅಂದೆ. 1921ರವಕ್ಕೆ ಆ ಖರ್ಚು ದಂಡ, ಗ್ರೇಡಿಂಗ್ ಶುಲ್ಕವೇ ಲಾಭ ತಿಂದುಹಾಕುತ್ತದೆ. ಅವನ್ನು ಇಬ್ಬರು ಮೂವರು ವ್ಯಾಪಾರಿಗಳಿಗೆ ತೋರಿಸಿ, ಬೆಳ್ಳಿ ದರಕ್ಕಿಂತ ಚೂರು ಮೇಲೆ ಯಾರು ಕೊಟ್ಟರೋ ಅವರಿಗೇ ಕೊಟ್ಟರು.